ಉಗ್ರಾಣ ದೊಡ್ಡದಾಯಿತು, ಲೆಕ್ಕ ನೋಡುವವರು ಯಾರು?

2025ರ ಅಕ್ಟೋಬರ್ 14ರಂದು ಗೂಗಲ್ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಅಂದಿನಿಂದ ಊರಿನಿಂದ ಫೋನ್ ಮಾಡುವವರ ಪ್ರಶ್ನೆ ಒಂದೇ: ‘ಬೆಂಗಳೂರಿಗೆ ಬರಬೇಕಿದ್ದದ್ದು ನಿಮ್ಮಲ್ಲಿಗೆ ಹೋಯಿತಲ್ಲ?’ ಗಿಗಾವಾಟ್ ಲೆಕ್ಕದ ಡೇಟಾ ಸೆಂಟರ್ ದೊಡ್ಡ ಸುದ್ದಿಯೇ, ಅನುಮಾನವಿಲ್ಲ. ಆದರೆ ಡೇಟಾಬೇಸ್ ಕೆಲಸದಲ್ಲೇ ಅನ್ನ ಕಾಣುವವನಾಗಿ ಒಂದು ಮಾತು ಹೇಳಬೇಕು. ಡೇಟಾ ಸೆಂಟರ್ ಒಂದು ಉಗ್ರಾಣ, ಅಷ್ಟೇ. ಚೀಲದ ಮೇಲಿನ ಚೀಟಿ ತಪ್ಪಿದ್ದರೆ ಉಗ್ರಾಣ ಎಷ್ಟು ದೊಡ್ಡದಿದ್ದರೂ ಅಕ್ಕಿ ಕೇಳಿದವನಿಗೆ ರಾಗಿಯೇ ಸಿಗುತ್ತದೆ.

ವಿಜಯವಾಡದ ಉದಾಹರಣೆ ನೋಡಿ. 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದಂಥ ಬಡಾವಣೆಗಳು ಮುಳುಗಿದವು. ನೆಲಮಹಡಿಯ ಕುಟುಂಬಕ್ಕೆ 25,000 ರೂಪಾಯಿ, ಮೇಲಿನ ಮಹಡಿಯವರಿಗೆ 10,000 ರೂಪಾಯಿ ಎಂದು ಸರ್ಕಾರ ಪರಿಹಾರ ಘೋಷಿಸಿತು. ನ್ಯಾಯವಾದ ವಿಂಗಡಣೆಯೇ. ಆದರೆ ಪಡಿತರ ಚೀಟಿ, ಆಧಾರ್‌ಗಳ ಸುತ್ತ ಕಟ್ಟಿದ ಪಟ್ಟಿಗಳಿಗೆ ಗೊತ್ತಿರುವುದು ವಿಳಾಸ ಮಾತ್ರ. ಆ ದಿನ ಯಾವ ಮಹಡಿಯಲ್ಲಿ ಯಾರು ಮಲಗಿದ್ದರು ಎಂಬುದಲ್ಲ. ಕಾರ್ಡು ಶ್ರೀಕಾಕುಳಂನಲ್ಲಿ, ಬಾಡಿಗೆ ಮನೆ ವಿಜಯವಾಡದಲ್ಲಿ ಎಂಬವರನ್ನು ಯಾವ ಸಾಲಿಗೆ ಸೇರಿಸುವುದು? ಹಾಗಾಗಿ ಮನೆಮನೆಗೆ ಹೋಗಿ ಎಣಿಕೆ ಮಾಡಬೇಕಾಯಿತು. ಪಟ್ಟಿಯಲ್ಲಿ ಹೆಸರಿಲ್ಲದವರು ಅರ್ಜಿ ಹಿಡಿದು ಕಚೇರಿಗೆ ಬಂದರು. ಇಲ್ಲಿ ಸರ್ವರ್‌ಗಳ ಕೊರತೆ ಇರಲಿಲ್ಲ. ‘ಕುಟುಂಬ’, ‘ಮನೆ’, ‘ವಾಸ’ ಇವು ಮೂರೂ ಬೇರೆ ಬೇರೆ, ಒಂದೊಂದಕ್ಕೂ ಪ್ರತ್ಯೇಕ ಟೇಬಲ್ ಬೇಕು ಎಂಬ ವಿವೇಕ ಬೇಕಿತ್ತು. ಡೇಟಾಬೇಸ್ ಆರ್ಕಿಟೆಕ್ಚರ್‌ನ ಮೊದಲ ಪಾಠ ಇದೇ.

ಎರಡನೆಯ ಪಾಠ, ಯಾರು ಏನನ್ನು ನೋಡಬಹುದು ಎಂಬುದು. 2018ರ ಏಪ್ರಿಲ್‌ನಲ್ಲಿ ಆಂಧ್ರದ ವಸತಿ ನಿಗಮದ ಜಾಲತಾಣದಲ್ಲಿ ಸುಮಾರು 1.3 ಲಕ್ಷ ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಜಾತಿ, ಧರ್ಮ ಎಲ್ಲವೂ ಬಹಿರಂಗವಾಗಿದ್ದದ್ದು ಬೆಳಕಿಗೆ ಬಂತು. ಯಾರೋ ಬೀಗ ಒಡೆದದ್ದಲ್ಲ, ಬಾಗಿಲೇ ತೆರೆದಿತ್ತು. ಈಗ ಅದೇ ರಾಜ್ಯ 2025ರ ಜನವರಿ 30ರಿಂದ ‘ಮನ ಮಿತ್ರ’ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಸೇವೆ ಕೊಡುತ್ತಿದೆ. ಆರಂಭದಲ್ಲೇ 161 ಸೇವೆಗಳಿದ್ದವು. ಜನರಿಗೆ ಅನುಕೂಲ, ಸರಿ. ಆದರೆ ವಾಟ್ಸ್‌ಆ್ಯಪ್ ಕಿಟಕಿ ಮಾತ್ರ. ಅದರ ಹಿಂದೆ ಹತ್ತಾರು ಇಲಾಖೆಗಳ ಕೋಣೆಗಳಿವೆ. ತೆಲುಗರಲ್ಲಿ ‘ಇಂಟಿಪೇರು’, ಅಂದರೆ ಮನೆಹೆಸರು, ಮೊದಲು ಬರುತ್ತದೆ. ಒಂದು ದಾಖಲೆಯಲ್ಲಿ ಅದು ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ ಇದ್ದರೆ ಕಂಪ್ಯೂಟರಿಗೆ ಇಬ್ಬರು ಮನುಷ್ಯರು. ಯಾವುದು ಸರಿ, ತಿದ್ದುವ ಅಧಿಕಾರ ಯಾರಿಗೆ, ತಿದ್ದಿದ್ದು ಎಲ್ಲ ಕಡೆ ತಲುಪಿತೇ? ಡೇಟಾ ಗವರ್ನೆನ್ಸ್ ಎಂದರೆ ಈ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವುದು.

ಇದನ್ನು ನಾವು ಹೊರಗಿನಿಂದ ಕಲಿಯಬೇಕಿಲ್ಲ. ಕರ್ನಾಟಕದ ‘ಭೂಮಿ’ ಯೋಜನೆ ಎರಡು ದಶಕಗಳ ಹಿಂದೆಯೇ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದರ ಹೆಚ್ಚುಗಾರಿಕೆ 15 ರೂಪಾಯಿಗೆ ಪಹಣಿ ಸಿಕ್ಕಿದ್ದಷ್ಟೇ ಅಲ್ಲ. ದಾಖಲೆ ಬದಲಿಸುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕಿತ್ತು. ಕೈಬರಹದ ಪಹಣಿಗೆ ಮಾನ್ಯತೆ ತೆಗೆಯಲಾಯಿತು. ಯಾರು, ಯಾವಾಗ, ಯಾವ ಕ್ರಮದಲ್ಲಿ ಎಂಬ ಮೂರಕ್ಕೂ ಲೆಕ್ಕವಿತ್ತು. ಹಾಗೆಂದು ಎಲ್ಲವೂ ಬಗೆಹರಿಯಲಿಲ್ಲ. ಹಳೆಯ ಪುಸ್ತಕದ ತಪ್ಪು ಕಂಪ್ಯೂಟರಿಗೂ ಬಂದು ಕೂತರೆ ಅದನ್ನು ತಿದ್ದಿಸಲು ರೈತ ಇಂದಿಗೂ ತಾಲ್ಲೂಕು ಕಚೇರಿಗೆ ಅಲೆಯಬೇಕು.

ಕಾನೂನೂ ಈಗ ಇತ್ತ ತಿರುಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಅವಕಾಶವಿದೆ. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ಮಾಹಿತಿ ಪೂರ್ಣವೂ ನಿಖರವೂ ಆಗಿರಬೇಕು ಎನ್ನುತ್ತದೆ ಕಾಯ್ದೆ. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ಸರ್ಕಾರಗಳಿಗೆ ಹಲವು ವಿನಾಯಿತಿಗಳಿವೆ ಎಂಬುದು ಬೇರೆ ಮಾತು. ಅದಕ್ಕೇ ಜನ ಹೆಚ್ಚು ಎಚ್ಚರದಿಂದಿರಬೇಕು.

ಈ ಕ್ಷೇತ್ರಕ್ಕೆ ಬರುವ ತಮ್ಮ ತಂಗಿಯರಿಗೆ ನನ್ನ ಸಲಹೆ ಇಷ್ಟೇ: ಎಸ್‌ಕ್ಯೂಎಲ್, ಕ್ಲೌಡ್ ಎರಡನ್ನೂ ಕಲಿಯಿರಿ. ಜತೆಗೆ ಒಂದು ದಿನ ನಾಡಕಚೇರಿಯ ಸಾಲಿನಲ್ಲಿ ನಿಂತು, ಜನ ಏನನ್ನು ತಿದ್ದಿಸಲು ಬಂದಿದ್ದಾರೆ ಎಂದು ಕೇಳಿ. ಡೇಟಾ ಸೆಂಟರ್ ಯಾವ ರಾಜ್ಯಕ್ಕೆ ಹೋಯಿತು ಎಂದು ಜಗಳವಾಡುವವರೂ ತಮ್ಮ ಸರ್ಕಾರವನ್ನು ಕೇಳಬೇಕಾದದ್ದು ಬೇರೆಯೇ ಇದೆ: ನಮ್ಮ ‘ಕುಟುಂಬ’ ದತ್ತಾಂಶದಲ್ಲಿ ನನ್ನ ಹೆಸರು ತಪ್ಪಾಗಿದ್ದರೆ ಎಷ್ಟು ದಿನದಲ್ಲಿ, ಯಾರು ಸರಿಪಡಿಸುತ್ತಾರೆ?