ಅಪ್ಪನ ಕಾಲನ್ನು ಒಮ್ಮೆ ನೋಡಿ



ಕಳೆದ ವರ್ಷ ಚೌತಿಯ ದಿನ ಕಲ್ಯಾಣದಲ್ಲಿರುವ ಭಾವನವರ ಮನೆಗೆ ಊಟಕ್ಕೆ ಹೋಗಿದ್ದೆವು. ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಕುಂದಾಪುರದ ಕಡೆಯಿಂದ ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಕಪ್ಪು-ಬಸಿ ತೊಳೆಯುವುದರಿಂದ ಹಿಡಿದು ದೋಸೆ ಕಾವಲಿಯವರೆಗೆ ಮೂವತ್ತೈದು ವರ್ಷ ಹೋಟೆಲಿನಲ್ಲಿ ನಿಂತು ದುಡಿದವರು. ಮಂಗಳಾರತಿ ಮುಗಿದು ನೆಲದ ಮೇಲೆ ಎಲೆಯ ಮುಂದೆ ಕೂತಾಗ ಅವರ ಪಂಚೆ ತುಸು ಮೇಲೆ ಸರಿಯಿತು. ಎಡಗಾಲಿನ ಗಂಟಿನ ಒಳಬದಿಗೆ ಬಟ್ಟೆ ಸುತ್ತಿತ್ತು. ಸುತ್ತಲಿನ ಚರ್ಮ ಕಂದುಗಟ್ಟಿತ್ತು. ಮೀನಖಂಡದ ಮೇಲೆ ನೀಲಿ ನರಗಳು ಹಗ್ಗದ ಹಾಗೆ ಉಬ್ಬಿಕೊಂಡಿದ್ದವು.

“ಇದೇನು ಭಾವ, ಎಷ್ಟು ದಿನದಿಂದ?” ಎಂದು ಕೇಳಿದೆ.

“ಹತ್ತು ತಿಂಗಳಾಯಿತು ಬಿಡು. ನಿಂತು ದುಡಿದವರ ಕಾಲು ಇರುವುದೇ ಹೀಗೆ. ಮುಲಾಮು ಹಚ್ಚುತ್ತಿದ್ದೇನೆ” ಎಂದರು.

ಅವರ ಮಗ ನವಿ ಮುಂಬಯಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಬಡಿಸುತ್ತಿದ್ದವನು ಹಾಗೆಯೇ ನಿಂತುಬಿಟ್ಟ. “ಚಿಕ್ಕಮ್ಮ, ಅಪ್ಪ ನನಗೆ ಹೇಳಲೇ ಇಲ್ಲ” ಎಂದ. ಹೇಳಲಿಲ್ಲ ನಿಜ. ಆದರೆ ಒಂದೇ ಸೂರಿನಡಿ ಇದ್ದು ಇವನೂ ನೋಡಿರಲಿಲ್ಲ. ಬೆಳಿಗ್ಗೆ ಅಪ್ಪ ಪ್ಯಾಂಟು, ಕಾಲುಚೀಲ ಹಾಕಿಕೊಂಡು ಹೊರಟರೆ, ರಾತ್ರಿ ಇವನು ಬರುವ ಹೊತ್ತಿಗೆ ಚಾದರ ಹೊದ್ದು ಮಲಗಿರುತ್ತಿದ್ದರು. ಅಂದಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದ್ದನ್ನು ನಿಮಗೆ ಹೇಳಬೇಕೆನಿಸಿತು.

ಮೊದಲು ಒಂದು ಮಾತು. ನಮ್ಮ ಮನೆಗಳಲ್ಲಿ ‘ನರ ಉಬ್ಬಿದೆ’ ಎನ್ನುತ್ತೇವೆ. ಅದು ನರವಲ್ಲ, ರಕ್ತನಾಳ. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವುದು ಅಪಧಮನಿ. ಮರಳಿ ಹೃದಯಕ್ಕೆ ತರುವುದು ಅಭಿಧಮನಿ. ಉಬ್ಬುವುದು ಈ ಎರಡನೆಯದು. ವೈದ್ಯರು ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ.

ರಕ್ತ ಹೀಗೆ ಸುತ್ತುತ್ತದೆಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಶೇಕ್ಸ್‌ಪಿಯರ್ ತೀರಿಕೊಂಡು 12 ವರ್ಷಗಳಾದ ಮೇಲೆ, 1628ರಲ್ಲಿ, ಅವರ ಪುಸ್ತಕ ಹೊರಬಂತು. ಅದರಲ್ಲಿರುವ ಒಂದು ಪ್ರಯೋಗವನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಮೊಣಕೈಯ ಮೇಲೆ ಒಂದು ಬಟ್ಟೆಯನ್ನು ಹದವಾಗಿ ಕಟ್ಟಿ. ಸ್ವಲ್ಪ ಹೊತ್ತಿನಲ್ಲಿ ಕೈಯ ರಕ್ತನಾಳಗಳು ಉಬ್ಬುತ್ತವೆ. ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಒಂದು ಬೆರಳಿನಿಂದ ನಾಳವನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಿನ ಗಂಟಿನಾಚೆಗೆ ಸವರಿ ತಳ್ಳಿ. ನಡುವಿನ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಕೆಳಗಿಳಿಯುವುದಿಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ತುಂಬಿಕೊಳ್ಳುತ್ತದೆ. ಆ ಗಂಟುಗಳಿರುವಲ್ಲಿ ಒಂದೇ ಕಡೆಗೆ ತೆರೆಯುವ ಕದಗಳಿವೆ. ಅವನ್ನು ವಾಲ್ವ್ ಎನ್ನುತ್ತಾರೆ. (ನೋಡಿ ಮುಗಿದೊಡನೆ ಬಟ್ಟೆ ಬಿಚ್ಚಿಬಿಡಿ!)

ಕಾಲಿನಲ್ಲೂ ಇಂಥ ಕದಗಳಿವೆ. ನಿಂತವರ ಪಾದದಿಂದ ಹೃದಯಕ್ಕೆ ಸುಮಾರು ನಾಲ್ಕು ಅಡಿ ಏರು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಕದಗಳು ಅದನ್ನು ಜಾರದಂತೆ ತಡೆಯುತ್ತವೆ. ಅಲ್ಲಾಡದೆ ನಿಂತರೆ ಹಿಂಡುವವರಿಲ್ಲ. ಕದಗಳು ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗುತ್ತದೆ. ವರ್ಷಗಟ್ಟಲೆ ಹೀಗಾದರೆ ಸಂಜೆಗೆ ಕಾಲು ಭಾರ, ಬಾವು. ಆಮೇಲೆ ತುರಿಕೆ, ಚರ್ಮ ಕಂದಾಗುವುದು. ಕೊನೆಗೆ ಮಾಯದ ಹುಣ್ಣು. ಭಾವನವರ ಕಾಲಿನಲ್ಲಿ ಆದದ್ದು ಇದೇ.

ಈ ಕಾಯಿಲೆಯ ಸಂಶೋಧನೆಯಲ್ಲಿ ನಮ್ಮ ರೈಲಿಗೂ ಒಂದು ಪಾಲಿದೆ. ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬಂದದ್ದು ನಮ್ಮ ಠಾಣೆಗೆ ಎಂದು ನೀವು ಶಾಲೆಯಲ್ಲಿ ಓದಿದ್ದೀರಿ. ಅದೇ ರೈಲ್ವೆಯ ನೌಕರರ ಕಾಲುಗಳನ್ನು ಪರೀಕ್ಷಿಸಿ ಡಾ. ಎಸ್.ಎಲ್. ಮಲ್ಹೋತ್ರಾ 1972ರಲ್ಲಿ ಒಂದು ಲೇಖನ ಪ್ರಕಟಿಸಿದರು. ಉತ್ತರ ಭಾರತದ 354 ಮತ್ತು ದಕ್ಷಿಣ ಭಾರತದ 323 ಗಂಡಸರನ್ನು ನೋಡಿದಾಗ, ಉತ್ತರದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಉಬ್ಬಿದ ರಕ್ತನಾಳಗಳಿದ್ದವು. ದಕ್ಷಿಣದವರಲ್ಲಿ ನೂರಕ್ಕೆ 25 ಮಂದಿಗೆ! ಒಂದೇ ದೇಶ, ಒಂದೇ ರೈಲ್ವೆ. ಅಂತರ ಮಾತ್ರ ಮೂರು ಪಟ್ಟಿಗೂ ಹೆಚ್ಚು.

ಇದನ್ನೋದಿ ‘ಹಾಗಾದರೆ ಇದು ನಮ್ಮ ಹಣೆಬರಹ’ ಎಂದುಕೊಳ್ಳಬೇಡಿ. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡರೆ ಕಾರಣ ಗೊತ್ತಾದಂತಲ್ಲ. ಊಟ, ಕೆಲಸ, ವಯಸ್ಸು, ವಂಶ ಯಾವುದೂ ಇರಬಹುದು. ಐವತ್ತು ವರ್ಷಗಳ ಹಿಂದಿನ ಏಳುನೂರು ಜನರೊಳಗಿನ ಲೆಕ್ಕ ಇಂದಿನ ನಮ್ಮೆಲ್ಲರ ಲೆಕ್ಕವೂ ಅಲ್ಲ. ಆದರೆ ಇದು ಹೆಂಗಸರ ಕಾಯಿಲೆ ಎಂದು ತಳ್ಳಿಹಾಕುವ ಗಂಡಸರಿಗೆ ಅದು ಒಳ್ಳೆಯ ಉತ್ತರ.

ನಿಲ್ಲುವುದರ ಬಗ್ಗೆ ಹೆಚ್ಚು ಗಟ್ಟಿಯಾದ ಮಾತು ಬಂದದ್ದು ಡೆನ್ಮಾರ್ಕಿನಿಂದ. ಅಲ್ಲಿಯ ದುಡಿಯುವ ಜನರನ್ನು 12 ವರ್ಷ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸದ ಹೊತ್ತಿನ ಮುಕ್ಕಾಲು ಪಾಲು ನಿಂತು ಅಥವಾ ನಡೆದಾಡಿಕೊಂಡು ಇರುವವರು ಈ ಕಾಯಿಲೆಯಿಂದ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಸುಮಾರು 1.8 ಪಟ್ಟು. ನಮ್ಮಲ್ಲಿ ನಿಂತು ದುಡಿಯುವವರು ಯಾರು ಎಂದು ಯೋಚಿಸಿ. ಹೋಟೆಲಿನ ಅಡಿಗೆಯವರು, ಮಾಣಿಗಳು, ಅಂಗಡಿಯವರು, ಟೀಚರುಗಳು, ದಾದಿಯರು. ಒಲೆಯ ಮುಂದೆ ನಿಲ್ಲುವ ಅಮ್ಮಂದಿರನ್ನು ಯಾರೂ ಲೆಕ್ಕ ಹಾಕುವುದಿಲ್ಲ; ನೀವಾದರೂ ಹಾಕಿ. ಈ ಎಲ್ಲದರ ಮೇಲೆ ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ವರೆಗೆ ಕಾಲೂರಲು ಜಾಗವಿಲ್ಲದ ಲೋಕಲ್ಲು, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.

ಇನ್ನು ನಿಮ್ಮ ಪಾಲಿಗೆ ಬರುವ ಆಸ್ತಿಯ ವಿಷಯ. 1994ರಲ್ಲಿ ಫ್ರಾನ್ಸಿನ ವೈದ್ಯರು 134 ಕುಟುಂಬಗಳನ್ನು ಪರೀಕ್ಷಿಸಿದರು. ತಂದೆ-ತಾಯಿ ಇಬ್ಬರಿಗೂ ಈ ತೊಂದರೆಯಿದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ 90; ಒಬ್ಬರಿಗೆ ಮಾತ್ರ ಇದ್ದರೆ ಹೆಣ್ಣುಮಕ್ಕಳಿಗೆ 62, ಗಂಡುಮಕ್ಕಳಿಗೆ 25; ಇಬ್ಬರಿಗೂ ಇಲ್ಲದಿದ್ದರೆ 20 ಎಂದು ಕಂಡುಬಂತು. ಸಣ್ಣ ಅಧ್ಯಯನ, ಅಂಕಿಗಳು ಎಲ್ಲ ಕಡೆ ಹೀಗೆಯೇ ಇರಲಾರವು. ಆದರೂ ಅಪ್ಪ-ಅಮ್ಮನ ಕಾಲನ್ನು ನೋಡಿದರೆ ಅವರಿಗಷ್ಟೇ ಅಲ್ಲ, ನಿಮಗೂ ಲಾಭ.

ಭಾವನವರ ಕಥೆಗೆ ಬರುತ್ತೇನೆ. ಅವರು ಮೊದಲು ತೋರಿಸಿದ ಕಡೆ ಬರೀ ಮುಲಾಮು ಕೊಟ್ಟು ಕಳಿಸಿದ್ದರು. ಹುಣ್ಣಿಗೆ ಮದ್ದು ಹಚ್ಚಿದರೂ ಹುಣ್ಣಿನ ಬೇರು ರಕ್ತನಾಳದಲ್ಲೇ ಇತ್ತಲ್ಲ! ಮಗ ಮರುವಾರವೇ ರಜೆ ಹಾಕಿ ರಕ್ತನಾಳದ ತಜ್ಞರ ಬಳಿಗೆ ಕರೆದೊಯ್ದ. ಡಾಪ್ಲರ್ ಎಂಬ ಪರೀಕ್ಷೆ ಮಾಡಿದರು. ಗರ್ಭಿಣಿಯರ ಸ್ಕ್ಯಾನಿಂಗಿನ ಹಾಗೆಯೇ ಅದು, ನೋವಿಲ್ಲ. ರಕ್ತ ಎಲ್ಲಿ ಹಿಂದಕ್ಕೆ ಜಾರುತ್ತಿದೆಯೆಂದು ತೆರೆಯ ಮೇಲೆ ಕಾಣುತ್ತದೆ.

“ಹುಣ್ಣು ಮಾಯಲಿ, ಆಮೇಲೆ ನಾಳದ ಚಿಕಿತ್ಸೆ ನೋಡೋಣ” ಎಂದರು ಭಾವ. ಬಹಳ ಕಾಲ ವೈದ್ಯರಲ್ಲೂ ಈ ಅಭಿಪ್ರಾಯ ಇತ್ತು. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಬದಲಿಸಿತು. ಎಲ್ಲರಿಗೂ ಬಿಗಿಪಟ್ಟಿ ಕಟ್ಟಿದರು. ಒಂದು ಗುಂಪಿಗೆ ಎರಡು ವಾರದೊಳಗೆ ನಾಳದ ಚಿಕಿತ್ಸೆಯನ್ನೂ ಮಾಡಿದರು, ಇನ್ನೊಂದಕ್ಕೆ ತಡಮಾಡಿ. ಮೊದಲ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು ಮಾಯಲು 56 ದಿನ ಹಿಡಿದರೆ, ಎರಡನೆಯದರಲ್ಲಿ 82 ದಿನ. ತಜ್ಞರು ಇದನ್ನೇ ವಿವರಿಸಿದಾಗ ಭಾವ ಒಪ್ಪಿದರು. ಮೊದಲಿನಂತೆ ಕಾಲು ಕೊಯ್ದು ನಾಳ ಎಳೆದು ತೆಗೆಯುವುದು ಈಗ ಕಡಿಮೆಯಾಗಿದೆ. ಸೂಜಿಯಷ್ಟು ರಂಧ್ರದಿಂದ ಒಳಹೋಗಿ ಲೇಸರಿನ ಶಾಖದಿಂದ ಕೆಟ್ಟ ನಾಳವನ್ನು ಮುಚ್ಚುತ್ತಾರೆ. ಅಂದೇ ಸಂಜೆ ಭಾವ ನಡೆದುಕೊಂಡು ಮನೆಗೆ ಬಂದರು. ದೀಪಾವಳಿ ಕಳೆದು ಕೆಲವು ವಾರಗಳಲ್ಲಿ ಹುಣ್ಣು ಮುಚ್ಚಿತು.

ಈಗ ನೀವು ಮಾಡಬೇಕಾದ್ದು. ರೈಲಿನಲ್ಲಿ ನಿಂತಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ದಿನವಿಡೀ ಕುರ್ಚಿಯಲ್ಲಿ ಕೂರುವವರೂ ಗಂಟೆಗೊಮ್ಮೆ ಎದ್ದು ನಡೆಯಿರಿ. ಸಂಜೆ ಕಾಲನ್ನು ದಿಂಬಿನ ಮೇಲಿಟ್ಟು ಸ್ವಲ್ಪ ಹೊತ್ತು ಮಲಗಿ. ಬಿಗಿ ಕಾಲುಚೀಲವನ್ನು ಅಂಗಡಿಯಿಂದ ನೀವೇ ತಂದು ಹಾಕಿಸಬೇಡಿ. ಸಕ್ಕರೆ ಕಾಯಿಲೆಯವರ, ಬೀಡಿ-ಸಿಗರೇಟು ಸೇದುವವರ ಅಪಧಮನಿಗಳೇ ಕಟ್ಟಿಕೊಂಡಿದ್ದರೆ ಅದರಿಂದ ಅಪಾಯ. ಉಬ್ಬಿದ ನಾಳ ಒಡೆದು ರಕ್ತ ಬಂದರೆ ಗಾಬರಿ ಬೇಡ: ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, ವೈದ್ಯರಲ್ಲಿಗೆ ಒಯ್ಯಿರಿ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಅದು ಒಳಗಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಿರಬಹುದು. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಆಗ ಮರುದಿನಕ್ಕೆಂದು ಕಾಯಬಾರದು.

ನಮ್ಮ ತಲೆಮಾರಿನವರು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳಿಗೆ ಯಾಕೆ ಚಿಂತೆ, ಖರ್ಚು ಯಾಕೆ ಎನ್ನುತ್ತಾರೆ. ಭಾವನವರ ಮಗ ಈಗ ಪ್ರತಿ ಭಾನುವಾರ ಅಪ್ಪನ ಕಾಲಿಗೆ ತಾನೇ ಎಣ್ಣೆ ಹಚ್ಚಿ ನೋಡುತ್ತಾನೆ. ಹಬ್ಬಕ್ಕೆ ಕಾಲು ಮುಟ್ಟಿ ನಮಸ್ಕರಿಸುವಾಗ ನೀವೂ ಒಂದು ಗಳಿಗೆ ಆ ಕಾಲನ್ನು ಕಣ್ಣಿಟ್ಟು ನೋಡಿ, “ನೋಯುತ್ತಿದೆಯಾ?” ಎಂದು ಕೇಳಿ. ಮೊದಲ ಸಲ ‘ಇಲ್ಲ’ ಎಂದೇ ಹೇಳುತ್ತಾರೆ. ಇನ್ನೊಮ್ಮೆ ಕೇಳಿ.