ಫ್ರೀ ಲೆಫ್ಟ್ ಯಾರಿಗೆ ಫ್ರೀ?

ನಮ್ಮೂರು ದೇಶನೂರು, ಸಿರುಗುಪ್ಪ ತಾಲ್ಲೂಕು. ಅಲ್ಲಿ ರಸ್ತೆ ದಾಟೋಕೆ ನಮ್ಮವ್ವನಿಗೆ ಯಾರ ಸಹಾಯವೂ ಬೇಡ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಿಗೆ ಬಂದರೂ ಕೈ ಎತ್ತುತ್ತಾಳೆ, ಡ್ರೈವರ್ ನಿಲ್ಲಿಸುತ್ತಾನೆ, ದಾಟುತ್ತಾಳೆ. ಮುಗೀತು.

ಅದೇ ಅವ್ವ ಕಣ್ಣು ತೋರಿಸೋಕೆ ಅಂತ ನನ್ನ ಜೊತೆ ಬಳ್ಳಾರಿಗೆ ಬಂದಿದ್ದಳು. ಒಂದು ಸರ್ಕಲ್‌ನಲ್ಲಿ ನಿಂತಿದ್ದೆವು. ಗಾಡಿಗಳಿಗೆ ಕೆಂಪು ದೀಪ ಬಿತ್ತು. "ಕೆಂಪು ಬಿತ್ತು, ನಡಿ" ಅಂತ ಅವಳೇ ಮೊದಲು ಕಾಲಿಟ್ಟಳು. ನಿಂತಿದ್ದ ಬಸ್ಸಿನ ಎಡಗಡೆಯಿಂದ ಒಂದು ಬೈಕು ನುಗ್ಗಿ ಬಂತು, ಅದರ ಹಿಂದೆ ಆಟೋ, ಆಟೋ ಹಿಂದೆ ಕಾರು. ಅವ್ವನನ್ನು ರಟ್ಟೆ ಹಿಡಿದು ಎಳೆದೆ. ಅವಳ ಒಂದು ಚಪ್ಪಲಿ ರಸ್ತೆಯಲ್ಲೇ ಉಳೀತು.

"ಅವನಿಗೆ ಕೆಂಪು ದೀಪ ಕಾಣಂಗಿಲ್ಲೇನು?"

"ಅದು ಫ್ರೀ ಲೆಫ್ಟ್ ಅವ್ವಾ. ಎಡಕ್ಕೆ ಹೋಗೋರು ನಿಲ್ಲಬೇಕಾಗಿಲ್ಲ."

"ಹಂಗಾದ್ರ ನಾವು ಯಾವಾಗ ಹೋಗಬೇಕು?"

ಉತ್ತರ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಹೋಗುವಾಗ, ಎಡಗಡೆ ಅಡ್ಡ ನಿಂತವನ ಬೆನ್ನಿಗೆ ಹಾರ್ನ್ ಹೊಡೆಯೋನು ನಾನೇ. ಅವನು ಸೀದಾ ಹೋಗುವವನು, ಕೆಂಪಿಗೆ ನಿಂತಿದ್ದಾನೆ, ಅವನ ತಪ್ಪೇನೂ ಇಲ್ಲ. ಆದರೂ ನಾವು ಅವನನ್ನು ಜೀಬ್ರಾ ಪಟ್ಟೆ ಮೇಲಕ್ಕೆ ತಳ್ಳುತ್ತೇವೆ.

ಬೋರ್ಡು ಹಾಕಿ, ಪ್ರತ್ಯೇಕ ದಾರಿ ಬಿಟ್ಟು ಎಡತಿರುವು ಕೊಟ್ಟ ಕಡೆ ಮಾತು ಬೇರೆ. ಬೋರ್ಡೂ ಇಲ್ಲ, ದಾರಿಯೂ ಇಲ್ಲ, ಆದರೂ ಎಡ ಅಂದರೆ ಹುಟ್ಟಿನಿಂದ ಬಂದ ಹಕ್ಕು ಅಂದುಕೊಂಡಿದ್ದೇವಲ್ಲ, ನನ್ನ ತಕರಾರು ಅದಕ್ಕೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದಾಗ, ಕೆಂಪು ದೀಪ ಹಾರಿಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದರು. ನಾವು ಮಾತ್ರ ಮನಸ್ಸಿನಲ್ಲೇ ಒಂದು ವಿನಾಯಿತಿ ಬರೆದುಕೊಂಡಿದ್ದೇವೆ.

ಇದು ನಮ್ಮೊಬ್ಬರ ರೋಗ ಅಲ್ಲ. ಬಲಗಡೆ ಗಾಡಿ ಓಡಿಸುವ ಅಮೆರಿಕದಲ್ಲಿ ಇದೇ ಸವಲತ್ತು ಬಲತಿರುವಿಗೆ ಇದೆ. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಉಳಿಸೋಕೆ ಅಂತ ಅದನ್ನು ದೇಶವಿಡೀ ಹರಡಿದರು. ಆಮೇಲೆ ನಡೆದ ಅಧ್ಯಯನಗಳಲ್ಲಿ, ಹಾಗೆ ತಿರುಗುವ ಗಾಡಿಗಳು ಪಾದಚಾರಿಗಳಿಗೂ ಸೈಕಲ್‌ನವರಿಗೂ ಗುದ್ದುವುದು ಹೆಚ್ಚಾಗಿದ್ದು ಕಂಡುಬಂತು. ನ್ಯೂಯಾರ್ಕ್ ನಗರದಲ್ಲಿ ಇವತ್ತಿಗೂ, ಬೋರ್ಡು ಇಲ್ಲದ ಕಡೆ, ಕೆಂಪಿದ್ದಾಗ ತಿರುಗುವಂತಿಲ್ಲ. ನಮ್ಮಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಎಲ್ಲರೂ ಸರ್ಕಲ್‌ನಲ್ಲೇ ಸತ್ತರು ಅಂತ ನಾನು ಹೇಳುತ್ತಿಲ್ಲ. ಆದರೆ ಇಷ್ಟು ಜನ ಸಾಯುವ ದೇಶದಲ್ಲಿ, ಕೆಂಪು ದೀಪ ಬಿದ್ದಾಗಲೂ ನಡೆಯುವವನಿಗೆ ಅಭಯ ಇಲ್ಲ ಅಂದರೆ, ಆ ದೀಪ ಇರೋದು ಯಾರಿಗೆ?

"ಎಡಕ್ಕೂ ನಿಲ್ಲಿಸಿದರೆ ಜಾಮ್ ಆಗುತ್ತೆ ಗುರೂ" ಅನ್ನುತ್ತೀರಿ. ಸರಿ, ಲೆಕ್ಕ ಹಾಕೋಣ. ನಾಲ್ಕು ರಸ್ತೆಯ ಸರ್ಕಲ್. ಒಂದಾದ ಮೇಲೊಂದರಂತೆ ಪ್ರತಿ ರಸ್ತೆಗೂ 30 ಸೆಕೆಂಡ್ ಹಸಿರು ಅಂತಿಟ್ಟುಕೊಳ್ಳಿ. ನಿಮ್ಮ ರಸ್ತೆಗೆ ಹಸಿರು ಬಿದ್ದಾಗ ಎಡಕ್ಕೂ ಹೋಗುತ್ತೀರಿ. ಇನ್ನೊಂದು ಸಲ, ನೀವು ತಿರುಗಬೇಕಾದ ರಸ್ತೆಯಿಂದಲೇ ಗಾಡಿಗಳು ಹೊರಡುವಾಗ, ಆ ಕಡೆ ಒಳಗೆ ಹೋಗುವ ಗಾಡಿ ಬೇರೆ ಇರೋದಿಲ್ಲ. ಆಗಲೂ ನಿಮಗೆ ಎಡದ ಬಾಣ ಹಸಿರು ಕೊಡಬಹುದು. ಅಂದರೆ ನಾಲ್ಕರಲ್ಲಿ ಎರಡು ಸರದಿ ನಿಮ್ಮದು. ಹೆಚ್ಚೆಂದರೆ 60 ಸೆಕೆಂಡ್ ಕಾಯಬೇಕು. ಉಳಿದೆರಡು ಸರದಿಯಲ್ಲಿ ಎಡದ ಬಾಣವೂ ಕೆಂಪು. ನಡೆಯುವವರು ಮಧ್ಯದ ಡಿವೈಡರ್‌ವರೆಗೆ ನಿಶ್ಚಿಂತೆಯಿಂದ ಬರಬಹುದು. ಇನ್ನು ಜಾಮ್ ಮಾತು. ಎಡಗಡೆ ಪ್ರತ್ಯೇಕ ಲೇನ್ ಇಲ್ಲದ ಕಡೆ, ಸೀದಾ ಹೋಗುವವನು ಮುಂದೆ ನಿಂತರೆ ನಿಮ್ಮ ಫ್ರೀ ಲೆಫ್ಟ್ ಈಗಲೂ ಬಂದ್. ಉಳಿಯೋದು ಹಾರ್ನ್ ಮಾತ್ರ.

ಬಾಣದ ದೀಪವೊಂದೇ ಸಾಲದು. ತಿರುಗುವ ಮೂಲೆ ಅಗಲವಾಗಿದ್ದಷ್ಟೂ ಗಾಡಿ ಜೋರಾಗಿ ತಿರುಗುತ್ತದೆ. ನಮ್ಮ ಕಡೆ ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರೂ ತಿರುಗಬೇಕು, ಹಾಗಾಗಿ ಎಲ್ಲಾ ಮೂಲೆ ಕಿರಿದು ಮಾಡೋಕಾಗಲ್ಲ, ಒಪ್ಪಿದೆ. ಅಂಥ ಕಡೆ ದಾಟುವ ಪಟ್ಟೆಯನ್ನೇ ಫುಟ್‌ಪಾತ್ ಎತ್ತರಕ್ಕೆ ಎತ್ತಿ ಕಟ್ಟಿ. ಚಕ್ರ ಹತ್ತಿ ಇಳಿಯಬೇಕಾದರೆ ತಾನೇ ನಿಧಾನವಾಗುತ್ತದೆ. ದಾಟುವ ಸಮಯವನ್ನೂ ಸರಿಯಾಗಿ ಲೆಕ್ಕ ಹಾಕಿ. ಸೆಕೆಂಡಿಗೆ 1.2 ಮೀಟರ್ ನಡೆಯುವವನಿಗೆ 12 ಮೀಟರ್ ರಸ್ತೆಗೆ 10 ಸೆಕೆಂಡ್ ಸಾಕು. ಮಂಡಿನೋವಿನ ಅವ್ವ 0.8 ಮೀಟರ್ ನಡೆದರೆ 15 ಸೆಕೆಂಡ್ ಬೇಕು. ಆ 5 ಸೆಕೆಂಡಿನ ಜಗಳ ಇದು.

ಸರ್ಕಾರ ಮಾಡೋವರೆಗೂ ನಾವು ಮಾಡಬಹುದಾದದ್ದು ಒಂದಿದೆ. ಬೋರ್ಡು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಎಡಕ್ಕೆ ತಿರುಗುವ ಮುಂಚೆ ಪಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ, ಯಾರಾದರೂ ಕಾಲಿಟ್ಟಿದ್ದಾರಾ ನೋಡಿ. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ. ನಾನೀಗ ನಿಲ್ಲಿಸ್ತಾ ಇದ್ದೀನಿ, ದಿನಾ ಬೈಸಿಕೊಳ್ತಾ ಇದ್ದೀನಿ.

ದೇಶನೂರಿನ ಟ್ರ್ಯಾಕ್ಟರ್ ಡ್ರೈವರ್‌ಗೆ ಅವ್ವನ ಕೈ ಒಂದೇ ಸಾಕಾಗುತ್ತೆ. ಹನ್ನೆರಡು ಟನ್ ಕಬ್ಬು ಹೊತ್ತವನು ನಿಲ್ಲಿಸುತ್ತಾನೆ. ಲ್ಯಾಪ್‌ಟಾಪ್ ಬ್ಯಾಗ್ ಹೊತ್ತ ನಮಗೇನು ಧಾಡಿ?