‘ತಿಳಿಯದು’ ಎನ್ನುವ ಅನುಮತಿ

ಜಲವಿದ್ಯುದಾಗಾರವೊಂದರಲ್ಲಿ ಇಪ್ಪತ್ತಾರು ವರ್ಷಗಳ ಕಾಲ ಯಂತ್ರಗಳ ಮೊರೆತವನ್ನು ಕೇಳುತ್ತ, ಆ ನಾದದಲ್ಲಿ ತೋರುವ ಅತ್ಯಲ್ಪ ವ್ಯತ್ಯಾಸದಿಂದಲೇ ಯಾವ ಬೇರಿಂಗು ಬಿಸಿಯಾಗುತ್ತಿದೆಯೆಂದು ಹೇಳಬಲ್ಲೆನೆಂಬ ಸಣ್ಣದೊಂದು ಅಹಂಕಾರವನ್ನೂ ಸಂಪಾದಿಸಿಕೊಂಡು, ಐವತ್ತನೆಯ ವಯಸ್ಸಿನಲ್ಲಿ ಬಯಲುಸೀಮೆಯ ಸೌರಸ್ಥಾವರವೊಂದಕ್ಕೆ ನೌಕರಿಗೆ ಬಂದವನು ನಾನು. ಇನ್ವರ್ಟರ್ ಕೋಣೆಯ ಫ್ಯಾನುಗಳ ಸದ್ದನ್ನು ಬಿಟ್ಟರೆ ಅಲ್ಲಿ ನೆಲೆಸಿದ್ದುದು ಮಹಾಮೌನ. ಕಿವಿಯಿಂದ ಕಲಿತ ವಿದ್ಯೆಯೆಲ್ಲ ಗೇಟಿನ ಹೊರಗೇ ಉಳಿಯಿತು.

ಮೂರನೆಯ ದಿನ, ಫಲಕಗಳ ಸಾಲೊಂದು ಕೆಟ್ಟಿದೆಯೆಂದು ನೋಡಲು ಹೋದೆವು. ಇನ್ವರ್ಟರನ್ನು ಆರಿಸಿಯಾಗಿತ್ತು. ಜಲವಿದ್ಯುದಾಗಾರದಲ್ಲಾದರೆ ಗೇಟು ಮುಚ್ಚಿದೊಡನೆ ನೀರು ನಿಲ್ಲುವುದು, ಯಂತ್ರವೂ ತಣ್ಣಗೆ ನಿಲ್ಲುವುದು. ಆ ಅಭ್ಯಾಸಬಲದಿಂದಲೇ ಫಲಕದ ಬೆನ್ನಿನ ಕನೆಕ್ಟರನ್ನು ಬಿಡಿಸಲು ಕೈ ಚಾಚಿದೆ. ಜೊತೆಗಿದ್ದ ಹುಡುಗಿ ನನ್ನ ತೋಳನ್ನು ಹಿಡಿದೆಳೆದಳು.

“ಕೈ ಹಾಕ್ಬೇಡಿ ಸಾರ್! ನಾವು ಆಫ್ ಮಾಡಿರೋದು ಇನ್ವರ್ಟರ್‌ನ, ಸೂರ್ಯನ್ನಲ್ಲ.”

ಆಮೇಲೆ ಕ್ಲಾಂಪ್ ಮೀಟರನ್ನು ತಂತಿಗೆ ಹಿಡಿದು ತೋರಿಸಿದಳು: ಪಕ್ಕದ ಸಾಲುಗಳ ಕರೆಂಟು ಕೆಟ್ಟ ಸಾಲಿನೊಳಕ್ಕೆ ಹಿಮ್ಮುಖವಾಗಿ ಹರಿಯುತ್ತಿತ್ತು. ಒಂದರ ಬಾಲಕ್ಕೊಂದು ಕಟ್ಟಿದ ಫಲಕಗಳು ಬಿಸಿಲಿರುವವರೆಗೂ ಸಾವಿರ ವೋಲ್ಟಿಗೂ ಮೀರಿದ ನೇರ ವಿದ್ಯುತ್ತನ್ನು ಹೊತ್ತು ಕೂತಿರುತ್ತವೆ. ಕರೆಂಟು ಹರಿಯುತ್ತಿರುವಾಗಲೇ ಕನೆಕ್ಟರನ್ನು ಬಿಡಿಸಿದರೆ ಕಿಡಿ ಹೊತ್ತುವುದು. ನಮ್ಮ ಮನೆಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 100 ಬಾರಿ ಸೊನ್ನೆಯನ್ನು ಮುಟ್ಟುವುದರಿಂದ ಅದರ ಕಿಡಿಗೆ ನಂದಿಹೋಗಲು ಎಡೆ ದೊರೆಯುವುದು. ನೇರ ವಿದ್ಯುತ್ತಿನ ಕಿಡಿಗೆ ಅಂತಹ ವಿರಾಮವೇ ಇಲ್ಲದ್ದರಿಂದ ಅದು ಬಿಡದೆ ಉರಿಯುವುದು, ಕೈಯನ್ನೂ ಸುಡುವುದು. ಪುಸ್ತಕದಲ್ಲಿ ಇದನ್ನು ನಾನು ಓದಿರಲಿಲ್ಲವೆಂದಲ್ಲ. ಓದಿದ್ದು ಬೆರಳ ತುದಿಯವರೆಗೆ ಇಳಿದಿರಲಿಲ್ಲ. ಇನ್ನೊಮ್ಮೆ, ಚೈತ್ರದ ನಡುಹಗಲಲ್ಲಿ ಉತ್ಪಾದನೆ ನನ್ನ ನಿರೀಕ್ಷೆಗಿಂತ ಕಡಿಮೆಯಿದ್ದುದನ್ನು ದೋಷವೆಂದು ಲಾಗ್‌ಪುಸ್ತಕದಲ್ಲಿ ಬರೆದು ನಗೆಪಾಟಲಾದೆ. ಫಲಕದ ಮೈ 25 ಡಿಗ್ರಿಯನ್ನು ದಾಟಿದ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ ಶೇಕಡಾ 0.3ರಿಂದ 0.4ರಷ್ಟು ಕುಗ್ಗುತ್ತದೆ. ಅದಕ್ಕೆ ಬೇಕಾದುದು ಬೆಳಕು, ಬೇಗೆಯಲ್ಲ.

ಆ ದಿನ ನನ್ನ ಕೈ ಉಳಿದುದು ಆ ಹುಡುಗಿಯ ಅವಿನಯದಿಂದ. ಹಿರಿಯ ಅಧಿಕಾರಿಯ ತೋಳನ್ನು ಹಿಡಿದೆಳೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ‘ನನಗಿದು ತಿಳಿಯದು’ ಎನ್ನುವ ಧೈರ್ಯ ಹಿರಿಯ ಅಧಿಕಾರಿಗಂತೂ ಇರುವುದೇ ಇಲ್ಲ. ನನಗೂ ಇರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನನಗೆ ದೊರೆತ ತರಬೇತಿಯೆಂದರೆ ಎರಡು ದಿನ ಇಂಗ್ಲಿಷಿನ ಸ್ಲೈಡುಗಳ ದರ್ಶನ, ಕೊನೆಗೊಂದು ಸಹಿ. ಅನುಭವಸ್ಥನಿಗೆ ಅಷ್ಟು ಸಾಕೆಂದು ಕಂಪನಿ ಬಗೆಯಿತು. ಸಾಲದೆಂದು ಹೇಳಲು ನನಗೆ ನಾಚಿಕೆಯಾಯಿತು. ಆದುದರಿಂದ ನನ್ನ ಮತವಿಷ್ಟು: ಈ ಉದ್ಯಮಕ್ಕೆ ಹೊಸಬನಾದವನು, ಎಷ್ಟೇ ದೊಡ್ಡ ಹುದ್ದೆಯವನಾಗಲಿ, ಮೊದಲ ಮೂರು ತಿಂಗಳು ವರ್ಕ್ ಪರ್ಮಿಟ್ಟಿಗೆ ಒಬ್ಬನೇ ಸಹಿ ಹಾಕಕೂಡದು, ಸ್ಥಾವರವನ್ನು ಬಲ್ಲವರೊಬ್ಬರು, ಅವರು ಎಷ್ಟೇ ಕಿರಿಯರಾಗಿರಲಿ, ಅವನ ಜೊತೆಗಿರಬೇಕು. ‘ತಿಳಿಯದು’ ಎಂಬ ಮಾತನ್ನು ಮೊದಲು ಮೇಲಿನವರೇ ಆಡಿತೋರಿಸದಿದ್ದರೆ ಕೆಳಗಿನವರು ಆಡಲಾರರು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ಆ ವಿದ್ಯೆಯೂ ಈ ನಾಡಿಗೆ ಅಪರಿಚಿತವೇ ಆಗಿದ್ದಿತು. ಈಗಿನ ಹೊಸತನ ಮತ್ತೊಂದು ಬಗೆಯದು. ಅದು ಕೆಲಸಕ್ಕೆ ಬಂದವರನ್ನಷ್ಟೇ ಅಲ್ಲದೆ ಊರುಗಳನ್ನೇ ಹೊಸಬರನ್ನಾಗಿ ಮಾಡಿದೆ. ಪಾವಗಡ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಹಬ್ಬಿದೆ. ಅಲ್ಲಿ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದುದು ವಿವೇಕದ ಕಾರ್ಯವೆಂದೇ ನನ್ನ ಎಣಿಕೆ. ಆದರೆ ಪಹಣಿಯಲ್ಲಿ ಹೆಸರಿದ್ದವನಿಗೆ ಬಾಡಿಗೆ ಬಂದಿತು. ಅವನ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಏನು ಬಂದಿತು? ಇಂತಹ ಸ್ಥಾವರಗಳಲ್ಲಿ ಅವಳಿಗೆ ಸಿಕ್ಕುವುದು ಹುಲ್ಲು ಕತ್ತರಿಸುವ, ಫಲಕ ಒರೆಸುವ ಕೂಲಿ. ಹೊಸ ಉದ್ಯಮಕ್ಕೆ ಕಾಲಿಟ್ಟವರಲ್ಲಿ ಅವಳೂ ಒಬ್ಬಳೆಂಬುದು, ಆಕೆಗೂ ಕಲಿಸತಕ್ಕದ್ದಿದೆಯೆಂಬುದು ಯಾರಿಗೂ ತೋಚುವುದಿಲ್ಲ.

ನನ್ನ ತೋಳನ್ನು ಹಿಡಿದೆಳೆದ ಹುಡುಗಿಯೂ ಅಂತಹದೇ ಮನೆಯವಳು. ತಾಯಿ ನಮ್ಮಲ್ಲಿಯೇ ಬೆಳಗಿನ ಜಾವ ಫಲಕ ಒರೆಸುತ್ತಾಳೆ, ಮಗಳು ಐ.ಟಿ.ಐ. ಮುಗಿಸಿ ಗುತ್ತಿಗೆದಾರನ ಮೂಲಕ ಬಂದವಳು, ಉಳಿದುದನ್ನೆಲ್ಲ ನೋಡಿ ನೋಡಿ ಕಲಿತವಳು. ಈ ಎರಡು ವರ್ಷಗಳಲ್ಲಿ ನಾಲ್ವರು ಎಂಜಿನಿಯರುಗಳಿಗೆ ಆಕೆಯೇ ಸ್ಥಾವರವನ್ನು ಸುತ್ತಿಸಿ ಪರಿಚಯಿಸಿದ್ದಾಳೆ. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಎದುರು ಈಗಲೂ ‘ಹೆಲ್ಪರ್’ ಎಂದಿದೆ. ತಿದ್ದಬೇಕೆಂದು ನಾನು ಬರೆದ ಪತ್ರಕ್ಕೆ ಉತ್ತರ ಬರಬೇಕಾಗಿದೆ.